ತೂತು ಎಲ್ಲಿ ಹೊಡೀಲಿ ಸಾರ್?

ಬೆಂಗಳೂರಿನ ಕಾಮಾಕ್ಷಿಪಾಳ್ಯದ ಲೇತ್ ಶೆಡ್ಡಿನಲ್ಲಿ ಟರ್ನರ್ ಕೇಳಿದ್ದು ಇಷ್ಟೇ. ನನ್ನ ಕೈಯಲ್ಲಿ ಸೈಕಲ್ ಫ್ರೇಮಿನ ಚಿತ್ರವಿತ್ತು. ಪೈಪುಗಳ ಉದ್ದ, ಕೋನ, ವೆಲ್ಡಿಂಗ್ ಗುರುತು ಎಲ್ಲವನ್ನೂ ನೀಟಾಗಿ ಬರೆದಿದ್ದೆ. ಹಿಂದಿನ ಚಕ್ರ ಹಿಡಿಯುವ ಸ್ವಿಂಗ್ ಆರ್ಮ್ ಬಂದು ಫ್ರೇಮಿಗೆ ಸೇರುವ ಕೀಲಿದೆಯಲ್ಲ, ಅದರ ಜಾಗದಲ್ಲಿ ಮಾತ್ರ ಕೈಯಲ್ಲೇ ಒಂದು ಸೊನ್ನೆ ಸುತ್ತಿದ್ದೆ. "ಪೆಡಲ್ ಅಚ್ಚಿನ ಪಕ್ಕ, ಅದೇ ಲೆವೆಲ್ಲಿಗೆ ಹೊಡೀರಿ" ಅಂದೆ. ನೋಡಲು ಚೆನ್ನಾಗಿರುತ್ತದೆ ಅನ್ನುವುದು ಬಿಟ್ಟು ಬೇರೆ ಕಾರಣವಿರಲಿಲ್ಲ. ಅವರು ಹೊಡೆದುಕೊಟ್ಟರು. ಎರಡು ವಾರದ ಮೇಲೆ ಸುಮನಹಳ್ಳಿ ಫ್ಲೈಓವರ್ ಏರಿನಲ್ಲಿ ಆ ಸೈಕಲ್ ನಾನು ತುಳಿದಷ್ಟು ಸಲವೂ ಹಿಂಬದಿ ಕುಗ್ಗಿಸಿ ಕೂತು, ಎದ್ದು, ಮತ್ತೆ ಕೂರುತ್ತಿತ್ತು. ನನ್ನ ಅರ್ಧ ಶಕ್ತಿ ಚಕ್ರಕ್ಕೆ ಹೋಯಿತೋ ಸ್ಪ್ರಿಂಗಿಗೆ ಹೋಯಿತೋ ಆ ಏರೇ ಹೇಳಬೇಕು.

ಮೌಂಟನ್ ಬೈಕ್ ಅಂದ ಕೂಡಲೇ ನಮ್ಮ ಹುಡುಗರು ಕೇಳುವುದು "ಶಾಕ್ ಯಾವ ಕಂಪನಿದು?" ಎಂದು. ನಾನೂ ಹಾಗೇ ಇದ್ದೆ. ಫ್ರೇಮ್ ಕೆಡಿಸಿಕೊಂಡ ಮೇಲೆ ತಿಳಿಯಿತು: ಹಿಂಬದಿ ಸಸ್ಪೆನ್ಷನ್ನಿನ ಹಣೆಬರಹ ಬರೆಯುವುದು ಶಾಕ್ ಅಲ್ಲ, ಆ ತೂತಿನ ಜಾಗ. ಶಾಕ್ ದುಬಾರಿಯದ್ದೇ ಇರಲಿ, ಕೀಲು ತಪ್ಪು ಜಾಗದಲ್ಲಿದ್ದರೆ ಅದನ್ನು ಲಾಕ್ ಮಾಡಿಕೊಂಡು ಓಡಿಸಬೇಕಾಗುತ್ತದೆ. ಲಾಕ್ ಮಾಡಿದ ಸಸ್ಪೆನ್ಷನ್ ಅಂದರೆ ಸುಮ್ಮನೆ ಹೊತ್ತುಕೊಂಡು ತಿರುಗುವ ಕಬ್ಬಿಣ.

ನಿಮಗೆ ಬೇಕೇ, ಮೊದಲು ಅದು

ರಾಜಾಜಿನಗರದಿಂದ ಕಾರ್ಡ್ ರೋಡ್ ಹಿಡಿದು ಆಫೀಸಿಗೆ ಹೋಗಿಬರುವವರಿಗೆ ಹಿಂಬದಿ ಸಸ್ಪೆನ್ಷನ್ ಬೇಡ. ಬಸವೇಶ್ವರನಗರದ ಹಂಪುಗಳಿಗೂ ಬೇಡ. ಎರಡೂವರೆ ಇಂಚಿನ ಟೈರಿಗೆ ಸ್ವಲ್ಪ ಕಡಿಮೆ ಗಾಳಿ ಹಾಕಿಕೊಂಡರೆ ಆಯಿತು. ಭಾನುವಾರ ಬೆಳಿಗ್ಗೆ ಕೆಂಗೇರಿ ದಾಟಿ ರಾಮೋಹಳ್ಳಿ, ದೊಡ್ಡ ಆಲದ ಮರ, ಮಂಚನಬೆಲೆ ಕಡೆ ಹೋಗುವವರೂ ಮುಂದೆ ಮಾತ್ರ ಫೋರ್ಕ್ ಇರುವ ಹಾರ್ಡ್‌ಟೇಲ್‌ನಲ್ಲಿ ಸುಖವಾಗಿರುತ್ತಾರೆ. ಹಿಂದೆಯೂ ಸಸ್ಪೆನ್ಷನ್ ಬೇಕು ಅನ್ನಿಸುವುದು ತುರಹಳ್ಳಿಯಂಥ ಜಾಗದಲ್ಲಿ. ಅಲ್ಲಿ ಕಲ್ಲುಬಂಡೆ, ಅದರ ಪಕ್ಕದಲ್ಲೇ ಉದುರು ಮಣ್ಣು, ಮೊಣಕಾಲೆತ್ತರದ ಮೆಟ್ಟಿಲು, ತಕ್ಷಣ ಚಿಕ್ಕದಾದರೂ ಕಡಿದಾದ ಏರು. (ತುರಹಳ್ಳಿ ಅರಣ್ಯ ಇಲಾಖೆಯ ಜಾಗ. ಸೈಕಲ್ ಒಳಗೆ ಬಿಡುತ್ತಾರೋ ಇಲ್ಲವೋ ಕೇಳಿಕೊಂಡೇ ಹೋಗಿ.) ಇಂಥ ಕಡೆ ಹಾರ್ಡ್‌ಟೇಲ್‌ನ ಹಿಂದಿನ ಚಕ್ರ ಕಲ್ಲಿನಿಂದ ಕಲ್ಲಿಗೆ ಕುಪ್ಪಳಿಸುತ್ತದೆ. ನೆಲ ಬಿಟ್ಟ ಚಕ್ರಕ್ಕೆ ಏರು ಹತ್ತಿಸಲೂ ಬಾರದು, ಬ್ರೇಕ್ ಹಾಕಲೂ ಬಾರದು.

ಇನ್ನು ವಿಜಯನಗರದ ಸೈಕಲ್ ಅಂಗಡಿಗಳ ಮುಂದೆ ಸಾಲಾಗಿ ನಿಲ್ಲಿಸಿರುತ್ತಾರಲ್ಲ, ಮಕ್ಕಳು ಹಟ ಹಿಡಿದು ಕೊಡಿಸಿಕೊಳ್ಳುವ "ಡಬಲ್ ಶಾಕ್" ಸೈಕಲ್ಲುಗಳು. ಅವುಗಳಲ್ಲಿ ಹೆಚ್ಚಿನವಕ್ಕೆ ಹಿಂದೆ ಇರುವುದು ಬರೀ ಸ್ಪ್ರಿಂಗ್. ಒಳಗೆ ಎಣ್ಣೆಯಿಲ್ಲ, ಅಂದರೆ ಡ್ಯಾಂಪಿಂಗ್ ಇಲ್ಲ. ಒತ್ತಿದರೆ ಕುಗ್ಗುತ್ತದೆ, ಬಿಟ್ಟರೆ ಚಿಮ್ಮುತ್ತದೆ. ಜೊತೆಗೆ ಮೂರು ನಾಲ್ಕು ಕೆ.ಜಿ. ಹೆಚ್ಚು ಭಾರ. ಕೊಡಿಸಬೇಡಿ. ಅದೇ ದುಡ್ಡಿಗೆ ಒಳ್ಳೆಯ ಬ್ರೇಕ್ ಇರುವ ಸಾದಾ ಸೈಕಲ್ ಬರುತ್ತದೆ. ಮಕ್ಕಳು ಬಯ್ಯಲಿ, ಎರಡು ವರ್ಷಕ್ಕೆ ಮರೆಯುತ್ತಾರೆ.

ಇಷ್ಟಾದ ಮೇಲೂ ಬೇಕು, ನಾನೇ ವಿನ್ಯಾಸ ಮಾಡಬೇಕು ಅನ್ನುವವರಿಗೆ ಮುಂದಿನದು. ಮೈಸೂರು ರಸ್ತೆಯ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಕೊನೆ ವರ್ಷದ ಪ್ರಾಜೆಕ್ಟ್ ಹುಡುಕುತ್ತಿರುವವರಿಗೂ ಅನ್ವಯಿಸುತ್ತದೆ. ಮಾಡುವುದಿಲ್ಲ, ಕೊಳ್ಳುತ್ತೇನೆ ಅನ್ನುವವರಿಗೂ ಉಪಯೋಗವಿದೆ: ಅಂಗಡಿಯಲ್ಲಿ ಏನನ್ನು ನೋಡಬೇಕೆಂದು ಗೊತ್ತಾಗುತ್ತದೆ.

ಸೈಕಲ್ ಯಾಕೆ ಕೂರುತ್ತದೆ

ನಿಂತ ಬಸ್ಸು ಜೋರಾಗಿ ಹೊರಟರೆ ನಿಂತವರೆಲ್ಲ ಹಿಂದಕ್ಕೆ ವಾಲುತ್ತಾರಲ್ಲ, ಅದೇ ಕಥೆ. ಪೆಡಲ್ ತುಳಿದಾಗ ಸೈಕಲ್ ಮುಂದಕ್ಕೆ ನುಗ್ಗುತ್ತದೆ, ಸವಾರನ ಭಾರ ಹಿಂದಕ್ಕೆ ಬೀಳುತ್ತದೆ, ಹಿಂಬದಿ ಸ್ಪ್ರಿಂಗ್ ಕುಗ್ಗುತ್ತದೆ. ಕಾಲಿನ ಬಲ ಒಂದೇ ಸಮ ಇರುವುದಿಲ್ಲ. ಒಂದು ಸುತ್ತಿಗೆ ಎರಡು ಸಲ ಏರಿ ಎರಡು ಸಲ ಇಳಿಯುತ್ತದೆ. ಹಾಗಾಗಿ ಸೈಕಲ್ ಉಯ್ಯಾಲೆಯ ಹಾಗೆ ಜೀಕುತ್ತದೆ. ಮೋಟಾರ್ ಬೈಕಿಗೆ ಈ ತಲೆನೋವು ಅಷ್ಟಿಲ್ಲ. ಅಲ್ಲಿ ಎಂಜಿನ್ ಬಲ ಸಮನಾಗಿ ಬರುತ್ತದೆ, ಎಳೆಯಲು ಬೇಕಾದಷ್ಟು ಶಕ್ತಿಯೂ ಇದೆ. ಒಬ್ಬ ಮನುಷ್ಯ ಗಂಟೆಗಟ್ಟಲೆ ತುಳಿದು ಕೊಡಬಲ್ಲದ್ದು ಇನ್ನೂರು ವಾಟ್ ಆಸುಪಾಸು. ಅದರಲ್ಲಿ ಸೋರಿಕೆ ಸಹಿಸಲಾಗದು.

ಇದಕ್ಕೆ ಮದ್ದು ಚೈನಿನಲ್ಲೇ ಇದೆ. ತುಳಿದಾಗ ಚೈನು ಹಿಂದಿನ ಚಕ್ರವನ್ನು ಮುಂದಕ್ಕೆ ಎಳೆಯುತ್ತದೆ. ಕೀಲು ಸರಿಯಾದ ಎತ್ತರದಲ್ಲಿದ್ದರೆ ಆ ಎಳೆತ ಸ್ವಿಂಗ್ ಆರ್ಮನ್ನು ಕೆಳಕ್ಕೆ ತಿರುಗಿಸಲು ನೋಡುತ್ತದೆ, ಅಂದರೆ ಸೈಕಲ್ಲಿನ ಹಿಂಭಾಗವನ್ನು ಎತ್ತುತ್ತದೆ. ಭಾರ ಕೂರಿಸುತ್ತದೆ, ಚೈನು ಎತ್ತುತ್ತದೆ. ಎರಡೂ ಸಮವಾದರೆ ಸೈಕಲ್ ಕದಲುವುದಿಲ್ಲ. ಹೀಗೆ ಕೂರದಂತೆ ತಡೆಯುವ ಗುಣಕ್ಕೆ ಆಂಟಿ-ಸ್ಕ್ವಾಟ್ ಎಂದು ಹೆಸರು. ನೂರಕ್ಕೆ ನೂರಿದ್ದರೆ ಪೂರ್ತಿ ಸಮತೋಲ. ಮೋಟಾರ್ ವಾಹನದವರು ಮೊದಲಿನಿಂದ ಬಳಸುತ್ತಿದ್ದ ಈ ಲೆಕ್ಕವನ್ನು ಸೈಕಲ್ ಲೋಕದ ಮಾತಾಗಿಸಿದವರಲ್ಲಿ ಡಿಡಬ್ಲ್ಯೂ-ಲಿಂಕ್ ವಿನ್ಯಾಸಕಾರ ಅಮೆರಿಕದ ಡೇವ್ ವೀಗಲ್ ಮುಖ್ಯರು.

ಲೆಕ್ಕಕ್ಕೆ ಕಂಪ್ಯೂಟರ್ ಬೇಕಿಲ್ಲ. ಎ3 ಗ್ರಾಫ್ ಹಾಳೆ, ಸ್ಕೇಲು, ಚೂಪು ಪೆನ್ಸಿಲ್ ಇದ್ದರೆ 1:5 ಅಳತೆಯಲ್ಲಿ ಇಡೀ ಸೈಕಲ್ ಹಿಡಿಸುತ್ತದೆ. ನನ್ನ ಎರಡನೇ ಫ್ರೇಮಿನ ಅಳತೆಗಳನ್ನೇ ಕೊಡುತ್ತೇನೆ, ಜೊತೆಯಲ್ಲೇ ಎಳೆಯುತ್ತಾ ಬನ್ನಿ. 29 ಇಂಚಿನ ಚಕ್ರ, ಹಿಂದೆ 140 ಮಿ.ಮೀ. ಚಲನೆ. ಸವಾರ ಕೂತಾಗ ಸಸ್ಪೆನ್ಷನ್ ಒಂದಿಷ್ಟು ತಗ್ಗಿರುತ್ತದೆ. ಇದಕ್ಕೆ ಸ್ಯಾಗ್ ಅನ್ನುತ್ತಾರೆ. ಚಿತ್ರವನ್ನು ಆ ತಗ್ಗಿದ ಸ್ಥಿತಿಯಲ್ಲೇ ಬರೆಯಬೇಕು, ಏಕೆಂದರೆ ನಾವು ತುಳಿಯುವುದು ಕೂತಮೇಲೆ ತಾನೇ.

ಹಿಂದಿನ ಟೈರ್ ನೆಲ ಮುಟ್ಟುವ ಬಿಂದುವನ್ನು ಸೊನ್ನೆ ಎಂದಿಟ್ಟುಕೊಳ್ಳಿ. ಹಿಂದಿನ ಅಚ್ಚು ಅದರ ನೇರ ಮೇಲೆ 370 ಮಿ.ಮೀ. ಎತ್ತರದಲ್ಲಿ. ಪೆಡಲ್ ಅಚ್ಚು, ಅಂದರೆ ಬಿಬಿ, 430 ಮುಂದೆ, 297 ಎತ್ತರ. ಕೀಲು ಬಿಬಿಯಿಂದ 70 ಮೇಲೆ, 20 ಮುಂದೆ. ಹಾಗಾಗಿ 450 ಮುಂದೆ, 367 ಎತ್ತರ. ಮುಂದಿನ ಟೈರ್ ನೆಲ ಮುಟ್ಟುವುದು 1195 ಮುಂದೆ. ಮುಂದಿನ ಚೈನ್‌ವೀಲ್‌ಗೆ 32 ಹಲ್ಲು, ಅದರ ತ್ರಿಜ್ಯ ಸುಮಾರು 65. ಹಿಂದೆ 24 ಹಲ್ಲಿನ ಗೇರ್, ತ್ರಿಜ್ಯ ಸುಮಾರು 49.

ಈಗ ಮೂರು ಗೆರೆ. ಹಿಂದಿನ ಅಚ್ಚಿನಿಂದ ಕೀಲಿನ ಮೂಲಕ ಒಂದು. ಎರಡು ಹಲ್ಲುಚಕ್ರಗಳ ನೆತ್ತಿಗಳನ್ನು ಮುಟ್ಟಿಕೊಂಡು ಹೋಗುವ ಚೈನಿನ ಮೇಲ್ಭಾಗದ ಗೆರೆ ಎರಡನೆಯದು. ಇವೆರಡೂ ಸೇರುವುದು ಸುಮಾರು 388 ಮುಂದೆ, 367 ಎತ್ತರದಲ್ಲಿ. ಸೊನ್ನೆ ಬಿಂದುವಿನಿಂದ ಆ ಕೂಡುಬಿಂದುವಿನ ಮೂಲಕ ಮೂರನೆಯ ಗೆರೆ ಎಳೆದು ಮುಂದುವರಿಸಿ. ಮುಂದಿನ ಟೈರಿನ ಜಾಗದಲ್ಲಿ ಎಬ್ಬಿಸಿದ ಲಂಬ ಗೆರೆಯನ್ನು ಅದು ಕತ್ತರಿಸುವುದು 1130 ಎತ್ತರದಲ್ಲಿ. ಸವಾರ, ಸೈಕಲ್ ಇಬ್ಬರ ಒಟ್ಟು ಭಾರಕೇಂದ್ರ ಸ್ಯಾಗ್‌ನಲ್ಲಿ 1060 ಎತ್ತರದಲ್ಲಿದೆ ಎಂದಿಟ್ಟುಕೊಂಡರೆ 1130ನ್ನು 1060ರಿಂದ ಭಾಗಿಸಿ. ಆಂಟಿ-ಸ್ಕ್ವಾಟ್ ಶೇ. 107. ಎತ್ತರದ ಆಳಿಗೆ ಭಾರಕೇಂದ್ರವೂ ಮೇಲಕ್ಕೆ ಹೋಗುತ್ತದೆ, ಶೇಕಡಾವಾರು ಇಳಿಯುತ್ತದೆ.

ಇದೇ ಹಾಳೆಯ ಮೇಲೆ ಕೀಲನ್ನು ಬಿಬಿಯ ಮಟ್ಟಕ್ಕೇ ಇಳಿಸಿ ಮತ್ತೆ ಎಳೆದು ನೋಡಿ. ನನ್ನ ಮೊದಲ ಫ್ರೇಮ್ ಅದು. ಒಂದನೆಯ ಮತ್ತು ಎರಡನೆಯ ಗೆರೆಗಳು ಸೈಕಲ್ಲಿನ ಮುಂದೆ ಸೇರುವುದೇ ಇಲ್ಲ, ಹಿಂದೆ ಒಂದೂವರೆ ಮೀಟರ್ ಆಚೆ ಹೋಗಿ ಸೇರುತ್ತವೆ. ಲೆಕ್ಕ ಸೊನ್ನೆಗಿಂತ ಕೆಳಗೆ ಇಳಿಯುತ್ತದೆ. ಅಂದರೆ ಚೈನು ಎತ್ತುವುದಿರಲಿ, ತಾನೂ ಸೇರಿಕೊಂಡು ಸೈಕಲ್ಲನ್ನು ಕೂರಿಸುತ್ತದೆ. ಸುಮನಹಳ್ಳಿ ಏರಿನ ಮರ್ಮ ಒಂದು ಗ್ರಾಫ್ ಹಾಳೆಯಲ್ಲಿ ಬಯಲಾಯಿತು. ಹಾಳೆಯ ಬೆಲೆ ಕೆಲವೇ ರೂಪಾಯಿ, ಫ್ರೇಮಿನ ಬೆಲೆ ಹೇಳಲು ನಾಚಿಕೆ.

ಹಾಗಾದರೆ ಕೀಲನ್ನು ಇನ್ನೂ ಮೇಲೆ ಏರಿಸಿ ಶೇ. 150 ಮಾಡಿಬಿಡೋಣವೇ? ಬೇಡ. ಆಗ ತುಳಿದಾಗಲೆಲ್ಲ ಸೈಕಲ್ ಮೇಲಕ್ಕೆ ಏಳುತ್ತದೆ, ಸಸ್ಪೆನ್ಷನ್ ಬಿಗಿಯುತ್ತದೆ, ಕಲ್ಲಿನ ಏರಿನಲ್ಲಿ ಚಕ್ರ ಜಾರುತ್ತದೆ. ಇನ್ನೊಂದು ಕಿರಿಕಿರಿಯೂ ಇದೆ. ಸಸ್ಪೆನ್ಷನ್ ಕುಗ್ಗುವಾಗ ಹಿಂದಿನ ಅಚ್ಚಿಗೂ ಬಿಬಿಗೂ ನಡುವಿನ ದೂರ ಹೆಚ್ಚುತ್ತದೆ. ಆ ಹೆಚ್ಚಳ ಚೈನಿನ ಮೂಲಕ ಪೆಡಲನ್ನು ಹಿಂದಕ್ಕೆ ಜಗ್ಗುತ್ತದೆ. ಕಲ್ಲಿಗೆ ಬಡಿದಾಗಲೆಲ್ಲ ಪಾದಕ್ಕೆ ಒಂದು ಒದೆತ. ಮೇಲಿನ ಅಳತೆಯಲ್ಲಿ ದೂರ ಪೂರ್ತಿ ಚಲನೆಗೆ ಸುಮಾರು 22 ಮಿ.ಮೀ. ಹೆಚ್ಚುತ್ತದೆ. ಕಾಲಿಗೆ ತಿಳಿಯುತ್ತದೆ, ಆದರೆ ಸಹಿಸಬಹುದು. ಕೀಲನ್ನು ತೀರಾ ಮೇಲಿಟ್ಟವರು ಚೈನನ್ನು ಕೀಲಿನ ಹತ್ತಿರ ಹಾಯಿಸಲು ನಡುವೆ ಇನ್ನೊಂದು ಹಲ್ಲುಚಕ್ರ ಇಡುತ್ತಾರೆ, ಐಡ್ಲರ್ ಎಂದು. ಕಡಿದಾದ ಇಳಿಜಾರಿನ ರೇಸಿಗೆ ಅದು ಸರಿ. ನಮಗೆ ತೊಳೆಯಲು ಇನ್ನೊಂದು ವಸ್ತು, ಗರಗರ ಇನ್ನೊಂದು ಸದ್ದು.

ಇಲ್ಲಿ ಒಂದು ಕಿವಿಮಾತು. ಚೈನಿನ ಉದ್ದ ಕತ್ತರಿಸುವ ಮೊದಲು ಶಾಕ್ ಬಿಚ್ಚಿ, ಚಕ್ರವನ್ನು ಕೊನೆಯವರೆಗೂ ಮೇಲೆತ್ತಿ, ಹಿಂದಿನ ದೊಡ್ಡ ಗೇರಿಗೆ ಚೈನು ಹಾಕಿ ಅಳೆಯಿರಿ. ಸೈಕಲ್ ನಿಂತಿದ್ದಂತೆ ಅಳೆದು ಕತ್ತರಿಸಿದರೆ ಮೊದಲ ದೊಡ್ಡ ಗುಂಡಿಯಲ್ಲಿ ಗೇರ್ ಬದಲಿಸುವ ಡಿರೇಲರ್ ಕಿತ್ತುಬರುತ್ತದೆ.

ಚೈನ್‌ವೀಲ್ ಬದಲಿಸುವವರೂ ಗಮನಿಸಿ. ಇದೇ ಫ್ರೇಮಿಗೆ 28 ಹಲ್ಲಿನದು ಹಾಕಿದರೆ ಆಂಟಿ-ಸ್ಕ್ವಾಟ್ ಶೇ. 120 ದಾಟುತ್ತದೆ, 36 ಹಾಕಿದರೆ 90ರ ಹತ್ತಿರಕ್ಕೆ ಇಳಿಯುತ್ತದೆ. ಹಿಂದಿನ ಗೇರಿನಿಂದಲೂ ಬದಲಾಗುತ್ತದೆ: 50 ಹಲ್ಲಿನ ದೊಡ್ಡ ಗೇರಿನಲ್ಲಿ ಸುಮಾರು 100, 10 ಹಲ್ಲಿನ ಚಿಕ್ಕದರಲ್ಲಿ ಸುಮಾರು 120. ಹಾಗಾಗಿ ಯಾವ ಚೈನ್‌ವೀಲ್ ಎಂದು ಮೊದಲು ತೀರ್ಮಾನಿಸಿ, ಆಮೇಲೆ ತೂತು.

ಒಂದು ಕೀಲೋ ನಾಲ್ಕೋ

ಒಂದೇ ಕೀಲಿನ ವಿನ್ಯಾಸದಲ್ಲಿ ಅಚ್ಚು ಸುತ್ತುವ ಕೇಂದ್ರ ಫ್ರೇಮಿನಲ್ಲಿ ಒಂದೇ ಕಡೆ ನಿಂತಿರುತ್ತದೆ. ನಾಲ್ಕು ಕೀಲುಗಳ ವಿನ್ಯಾಸದಲ್ಲಿ ಆ ಕೇಂದ್ರ ಗಾಳಿಯಲ್ಲೆಲ್ಲೋ ಇದ್ದು, ಚಕ್ರ ಮೇಲೆ ಕೆಳಗೆ ಆದಂತೆ ಅದೂ ಓಡಾಡುತ್ತದೆ. ಆಸ್ಟ್ರಿಯಾದಲ್ಲಿ ಹುಟ್ಟಿ, ಮೋಟೋಕ್ರಾಸ್ ರೇಸ್ ಮಾಡಿ, ಕ್ಯಾಲಿಫೋರ್ನಿಯಾದಲ್ಲಿ ಎಎಂಪಿ ರಿಸರ್ಚ್ ಕಟ್ಟಿದ ಹಾರ್ಸ್ಟ್ ಲೈಟ್ನರ್ ಹಿಂದಿನ ಅಚ್ಚಿನ ಸ್ವಲ್ಪ ಮುಂದೆ ಒಂದು ಕೀಲು ಕೂರಿಸಿದರು. ಹಾರ್ಸ್ಟ್ ಲಿಂಕ್ ಎಂದೇ ಹೆಸರಾದ ಆ ಪೇಟೆಂಟನ್ನು ಸ್ಪೆಷಲೈಸ್ಡ್ ಕಂಪನಿ 1998ರಲ್ಲಿ ಕೊಂಡಿತು. 2013ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಅವಧಿ ಮುಗಿಯಿತು, ಈಗ ಯಾರು ಬೇಕಾದರೂ ಬಳಸಬಹುದು. ಬ್ರೇಕ್ ಹಿಡಿದಾಗ ಸಸ್ಪೆನ್ಷನ್ ಹೇಗೆ ವರ್ತಿಸಬೇಕು, ತುಳಿದಾಗ ಹೇಗೆ ಎಂಬುದನ್ನು ಬೇರೆ ಬೇರೆಯಾಗಿ ಹದಗೊಳಿಸಬಹುದು ಎಂಬುದು ಅದರ ದೊಡ್ಡ ಅನುಕೂಲ.

ಆದರೂ ಮೊದಲ ಸಲ ಮಾಡುವವರಿಗೆ ನನ್ನ ಮಾತು: ಒಂದೇ ಕೀಲು. ಎಡಬಲ ಸೇರಿ ಎಂಟು ಬೇರಿಂಗು ಒಂದೇ ನೇರಕ್ಕೆ ಬರಬೇಕೆಂದರೆ ಜಿಗ್ ಬೇಕು, ಅನುಭವಿ ವೆಲ್ಡರ್ ಬೇಕು. ಒಂದು ಕೀಲು ತಪ್ಪಿದರೆ ಉಳಿದ ಮೂರೂ ಹಿಡಿದುಕೊಳ್ಳುತ್ತವೆ. ಬ್ರೇಕಿನ ಬಗ್ಗೆ ಒಂದು ಕೀಲಿನ ಸೈಕಲ್ಲಿಗೆ ಬಹಳ ಅಪವಾದವಿದೆ, ಬ್ರೇಕ್ ಹಾಕಿದರೆ ಹಿಂಬದಿ ಗಟ್ಟಿಯಾಗುತ್ತದೆ ಎಂದು. ಸುಳ್ಳೇನಲ್ಲ, ಕಲ್ಲಿನ ಇಳಿಜಾರಿನಲ್ಲಿ ಗೊತ್ತಾಗುತ್ತದೆ. ಆದರೆ ಹಾಗಾಗುವಾಗಲೇ ಹಿಂಬದಿ ಮೇಲೇಳದೆ ತಗ್ಗಿಯೇ ಇರುತ್ತದೆ, ಸವಾರ ಮುಂದಕ್ಕೆ ಮುಗ್ಗರಿಸುವುದು ತಪ್ಪುತ್ತದೆ. ನನಗೆ ಅದು ಹಿಡಿಸಿತು.

ಹಾರೆಯ ಲೆಕ್ಕ

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಬರುತ್ತಿದ್ದ ಯೆಜ್ಡಿ ಯಾರ ಮನೆಯಲ್ಲಾದರೂ ಇದ್ದರೆ ಹಿಂಬದಿ ನೋಡಿ. ಎರಡು ಶಾಕ್, ಚಕ್ರದ ಎರಡು ಪಕ್ಕಕ್ಕೂ ಒಂದೊಂದು. ಚಕ್ರ ಎಷ್ಟು ಮೇಲೇರಿತೋ ಶಾಕ್ ಹೆಚ್ಚೂಕಡಿಮೆ ಅಷ್ಟೇ ಕುಗ್ಗುತ್ತಿತ್ತು. ಬೆಲ್ಜಿಯಂನ ಲೂಸಿಯನ್ ಟಿಲ್ಕೆನ್ಸ್ ಎಂಬ ಎಂಜಿನಿಯರ್ 1970ರ ದಶಕದಲ್ಲಿ ಒಂದೇ ಶಾಕನ್ನು ಟ್ಯಾಂಕಿನ ಕೆಳಗೆ ತಂದು ಕೂರಿಸಿದ. ಯಮಹಾ ಅದನ್ನು ಮೋನೋಕ್ರಾಸ್ ಎಂದು ಮೋಟೋಕ್ರಾಸ್ ಬೈಕಿಗೆ ಹಾಕಿತು. ಇಂದಿನ ಮೌಂಟನ್ ಬೈಕ್ ಆ ವಂಶದ್ದು: ಶಾಕ್ ಚಿಕ್ಕದು, ಫ್ರೇಮಿನ ಒಳಗೆ, ಚಕ್ರ ಅದನ್ನು ಹಾರೆಯಂತೆ ಮೀಟುತ್ತದೆ.

ಹಾರೆಯ ಉದ್ದನೆ ತುದಿ ಹೆಚ್ಚು ಚಲಿಸುತ್ತದೆ, ಗಿಡ್ಡ ತುದಿ ಕಡಿಮೆ ಚಲಿಸಿ ಹೆಚ್ಚು ಬಲ ಹಾಕುತ್ತದೆ. ಚಕ್ರದ ಚಲನೆಯನ್ನು ಶಾಕ್‌ನ ಚಲನೆಯಿಂದ ಭಾಗಿಸಿದರೆ ಬರುವುದು ಲೆವರೇಜ್ ರೇಷಿಯೋ. ಮಾರುಕಟ್ಟೆಯಲ್ಲಿ ಸಿಗುವ ಶಾಕ್‌ಗಳಿಗೆ ಎರಡು ಅಳತೆ ಇರುತ್ತದೆ. 210×55 ಅಂದರೆ ಕಣ್ಣಿನಿಂದ ಕಣ್ಣಿಗೆ 210 ಮಿ.ಮೀ. ಉದ್ದ, 55 ಮಿ.ಮೀ. ಕುಗ್ಗುತ್ತದೆ. ನಮ್ಮ 140ನ್ನು 55ರಿಂದ ಭಾಗಿಸಿದರೆ ಸರಾಸರಿ 2.55. ಮೂರು ದಾಟಿಸಬೇಡಿ. ದಾಟಿದರೆ ಶಾಕ್ ಒಳಗೆ ಒತ್ತಡ ಹೆಚ್ಚಿ ಬೇಗ ಬಿಸಿಯಾಗುತ್ತದೆ, ಸೀಲು ಬೇಗ ಹೋಗುತ್ತದೆ, ಬುಶ್ಶಿನ ಸಣ್ಣ ಸವಕಳಿಯೂ ಚಕ್ರದ ತುದಿಯಲ್ಲಿ ದೊಡ್ಡ ಲೊಡಲೊಡವಾಗುತ್ತದೆ.

ಸರಾಸರಿ ಒಂದೇ ಸಾಲದು. ಚಲನೆಯ ಆರಂಭದಲ್ಲಿ ಈ ಅನುಪಾತ ಹೆಚ್ಚಿರಬೇಕು, ಕೊನೆಗೆ ಕಡಿಮೆಯಾಗುತ್ತಾ ಬರಬೇಕು. ಆಗ ಸಣ್ಣ ಕಲ್ಲಿಗೆ ಮೃದುವಾಗಿ ಕುಗ್ಗಿ, ದೊಡ್ಡ ಗುಂಡಿಗೆ ಗಟ್ಟಿಯಾಗಿ ನಿಲ್ಲುತ್ತದೆ. ನಾನು 2.8ರಿಂದ ಶುರು ಮಾಡಿ 2.3ಕ್ಕೆ ತಂದೆ, ಸುಮಾರು ಶೇ. 18ರ ಇಳಿಕೆ. ಗಾಳಿಯ ಶಾಕ್ ಕೊನೆಗೆ ತಾನೇ ಗಟ್ಟಿಯಾಗುವುದರಿಂದ ಅದಕ್ಕೆ ಇಷ್ಟು ಸಾಕು. ಕಾಯಿಲ್ ಸ್ಪ್ರಿಂಗಿಗೆ ಶೇ. 25ರವರೆಗೂ ಹೋಗಬಹುದು. ಇದನ್ನು ಸಾಧಿಸುವ ದಾರಿ ಎಂದರೆ ಶಾಕ್ ಮತ್ತು ಅದನ್ನು ತಳ್ಳುವ ತೋಳಿನ ನಡುವಿನ ಕೋನ. ಚಲನೆ ಮುಂದುವರಿದಂತೆ ಆ ಕೋನ 90 ಡಿಗ್ರಿಗೆ ಹತ್ತಿರವಾಗುತ್ತಾ ಹೋದರೆ ಅನುಪಾತ ಇಳಿಯುತ್ತದೆ. ಮೊದಲೇ 90ರಲ್ಲಿ ಕೂರಿಸಿದರೆ ಮುಂದೆ ಏರುತ್ತದೆ, ಸೈಕಲ್ ಕೊನೆಗೆ ಮೆತ್ತಗಾಗಿ ತಳ ಬಡಿಯುತ್ತದೆ. ಕ್ಯಾಲೆಂಡರಿನ ರಟ್ಟು, ಡ್ರಾಯಿಂಗ್ ಪಿನ್ನು, ಥರ್ಮೋಕೋಲ್ ಇಟ್ಟುಕೊಂಡು ಅರ್ಧ ಅಳತೆಯ ಮಾದರಿ ಮಾಡಿ. ಚಕ್ರವನ್ನು ಹತ್ತು ಮಿ.ಮೀ.ನಂತೆ ಮೇಲೆತ್ತುತ್ತಾ ಪ್ರತಿ ಸಲ ಶಾಕ್‌ನ ಉದ್ದ ಅಳೆದು ಬರೆದುಕೊಳ್ಳಿ. ಕಂಪ್ಯೂಟರ್ ಬಲ್ಲವರಿಗೆ ಉಚಿತವಾಗಿ ಸಿಗುವ ಜಿಯೋಜೀಬ್ರಾ ಇದೇ ಕೆಲಸವನ್ನು ಚೊಕ್ಕವಾಗಿ ಮಾಡಿಕೊಡುತ್ತದೆ. ನನಗೆ ರಟ್ಟೇ ಇಷ್ಟ. ಪೈಪಿಗೆ ಟೈರ್ ತಗಲುತ್ತದೆ ಎಂಬುದನ್ನು ಅದು ಮೊದಲ ದಿನವೇ ತೋರಿಸಿಕೊಟ್ಟಿತು.

ಸ್ಪ್ರಿಂಗ್ ಎಷ್ಟು ಗಟ್ಟಿ ಬೇಕು? ಸವಾರ, ಚೀಲ, ನೀರು ಸೇರಿ 80 ಕೆ.ಜಿ., ಚಕ್ರ ಬಿಟ್ಟು ಸೈಕಲ್ 9 ಕೆ.ಜಿ. ಒಟ್ಟು 89ರಲ್ಲಿ ಹಿಂದಕ್ಕೆ ಬೀಳುವುದು ಸುಮಾರು ಶೇ. 60, ಅಂದರೆ 53 ಕೆ.ಜಿ. ಸ್ಯಾಗ್ ಜಾಗದ ಅನುಪಾತ 2.65ರಿಂದ ಗುಣಿಸಿದರೆ ಶಾಕ್ ಮೇಲೆ 140 ಕೆ.ಜಿ. ಶಾಕ್ ಆಗ 55ರ ಶೇ. 30, ಅಂದರೆ 16.5 ಮಿ.ಮೀ. ಕುಗ್ಗಿರಬೇಕು. ಭಾಗಿಸಿದರೆ ಮಿ.ಮೀ.ಗೆ 8.5 ಕೆ.ಜಿ. ಸ್ಪ್ರಿಂಗಿನ ಮೇಲೆ ಇಂಚಿಗೆ ಎಷ್ಟು ಪೌಂಡು ಎಂದು ಬರೆದಿರುತ್ತಾರೆ, 56ರಿಂದ ಗುಣಿಸಿಕೊಳ್ಳಿ: 475. ಅಂಗಡಿಯಲ್ಲಿ 450 ಅಥವಾ 500 ಕೇಳಿ. ಗಾಳಿಯ ಶಾಕ್ ಇದ್ದರೆ ಈ ಗುಣಾಕಾರ ಬೇಡ, 16.5 ಮಿ.ಮೀ. ಕೂರುವ ತನಕ ಪಂಪಿನಿಂದ ಗಾಳಿ ಹೊಂದಿಸಿ.

ಪೀಣ್ಯದಿಂದ ರಾಜಾಜಿನಗರದವರೆಗೆ

ಪಶ್ಚಿಮ ಬೆಂಗಳೂರಿನಲ್ಲಿ ಇಂಥ ಕೆಲಸ ಮಾಡಹೊರಟವರು ಪುಣ್ಯವಂತರು. ಪೀಣ್ಯ, ಕಾಮಾಕ್ಷಿಪಾಳ್ಯ, ಸುಂಕದಕಟ್ಟೆ, ರಾಜಾಜಿನಗರ ಕೈಗಾರಿಕಾ ಬಡಾವಣೆ ಎಲ್ಲ ಒಂದು ಸೈಕಲ್ ಸವಾರಿಯ ದೂರದಲ್ಲಿವೆ. 1972ರಲ್ಲಿ ಡೆನ್ಮಾರ್ಕ್ ಸರ್ಕಾರದ ನೆರವಿನಿಂದ ಶುರುವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ ಇರುವುದೂ ರಾಜಾಜಿನಗರದಲ್ಲೇ. ಜಿಟಿಟಿಸಿ ಎಂದರೆ ಎಲ್ಲರಿಗೂ ಗೊತ್ತು. ಮೈಕ್ರೋಮೀಟರ್ ಹಿಡಿದು ಬೆಳೆದ ಕೈಗಳು ಈ ಶೆಡ್ಡುಗಳಲ್ಲಿ ಬೇಕಾದಷ್ಟಿವೆ. ಒಂದೇ ಒಂದು ಪೀಸು ಮಾಡಿಸಿಕೊಳ್ಳಲು ಹೋದರೆ ಮೊದಲು ಗೊಣಗುತ್ತಾರೆ, ಆಮೇಲೆ ಏನು ಮಾಡುತ್ತಿದ್ದೀರಿ ಎಂದು ಕೇಳುತ್ತಾರೆ, ಅದಾದ ಮೇಲೆ ನಿಮ್ಮ ಚಿತ್ರವನ್ನೇ ತಿದ್ದುತ್ತಾರೆ. ಶನಿವಾರ ಸಂಜೆ ಹೋಗಬೇಡಿ. ಬುಧವಾರ ಮಧ್ಯಾಹ್ನ ಊಟವಾದ ಮೇಲೆ ಹೋಗಿ.

ಲೋಹ ಯಾವುದು? ಅಲ್ಯೂಮಿನಿಯಂ ಹಗುರ ನಿಜ, ಆದರೆ 6061ನ್ನು ವೆಲ್ಡ್ ಮಾಡಿದ ಜಾಗದಲ್ಲಿ ಅದರ ಗಟ್ಟಿತನ ಬಹುಪಾಲು ಹೋಗುತ್ತದೆ. ಇಡೀ ಫ್ರೇಮನ್ನು ಸುಮಾರು 530 ಡಿಗ್ರಿಗೆ ಕಾಯಿಸಿ, ನೀರಿಗೆ ಅದ್ದಿ, ಮತ್ತೆ 175ರ ಆಸುಪಾಸಿನಲ್ಲಿ ಗಂಟೆಗಟ್ಟಲೆ ಬೇಯಿಸಿದರೆ ಮಾತ್ರ ವಾಪಸ್ ಬರುತ್ತದೆ. ಅದ್ದುವಾಗ ಫ್ರೇಮ್ ಸೊಟ್ಟಗಾಗುವುದು ಬೇರೆ. ಒಂದು ಫ್ರೇಮಿಗಾಗಿ ಇಷ್ಟೆಲ್ಲ ಯಾರೂ ಮಾಡಿಕೊಡುವುದಿಲ್ಲ. 4130 ಕ್ರೋಮೋಲಿ ಸ್ಟೀಲ್ ತೆಗೆದುಕೊಳ್ಳಿ. ತೆಳು ಪೈಪನ್ನು ಟಿಗ್ ವೆಲ್ಡ್ ಮಾಡಿ ಹಾಗೇ ತಣ್ಣಗಾಗಲು ಬಿಟ್ಟರೆ ಆಯಿತು. ಅರ್ಧ ಮುಕ್ಕಾಲು ಕೆ.ಜಿ. ಹೆಚ್ಚಾಗುತ್ತದೆ, ಆಗಲಿ. ಶಾಕ್ ತಳ್ಳುವ ಸಣ್ಣ ಲಿಂಕುಗಳಿಗೆ ವೆಲ್ಡಿಂಗ್ ಬೇಕಿಲ್ಲದ್ದರಿಂದ ಅವನ್ನು 7075 ಅಲ್ಯೂಮಿನಿಯಂ ಗಟ್ಟಿಯಿಂದ ಸಿಎನ್‌ಸಿಯಲ್ಲಿ ಕೆತ್ತಿಸಿ. ಕೀಲಿನ ಪಿನ್ನಿಗೆ ಇಎನ್ 24 ಸ್ಟೀಲ್.

ಶಾಕ್ ಕೂರುವ ಜಾಗವನ್ನು ಉದಾಸೀನ ಮಾಡಬೇಡಿ. ಎತ್ತರದಿಂದ ಇಳಿದಾಗ ಆ ಒಟ್ಟು 89 ಕೆ.ಜಿ.ಯ ಮೂರರಷ್ಟು ಹಿಂದಿನ ಚಕ್ರವೊಂದಕ್ಕೇ ಬಿತ್ತು ಎಂದಿಟ್ಟುಕೊಳ್ಳಿ. ಹಾರೆಯ ಲೆಕ್ಕದಲ್ಲಿ ಅದು 2.3 ಪಟ್ಟಾಗಿ ಶಾಕ್‌ನ ಬೋಲ್ಟಿನ ಮೇಲೆ 600 ಕೆ.ಜಿ. ದಾಟುತ್ತದೆ. ಹನ್ನೆರಡು ಮೂಟೆ ಸಿಮೆಂಟು ಒಂದು ಬೋಲ್ಟಿನ ಮೇಲೆ. ಒಂದು ಮಿ.ಮೀ. ದಪ್ಪವೂ ಇಲ್ಲದ ಪೈಪಿಗೆ ನೇರವಾಗಿ ತಗಡು ಅಂಟಿಸಿದರೆ ಹರಿದುಕೊಂಡು ಬರುತ್ತದೆ. ಕೆಳಗೊಂದು ಅಗಲ ಪಟ್ಟಿ ಕೊಟ್ಟು ಭಾರ ಹಂಚಬೇಕು.

ಬೇರಿಂಗ್ ಅಳತೆ 6902, ಒಳಗೆ 15, ಹೊರಗೆ 28, ಅಗಲ 7 ಮಿ.ಮೀ. ಕೀಲಿನ ಎರಡು ಬೇರಿಂಗುಗಳನ್ನೂ ಆದಷ್ಟು ದೂರ ದೂರ ಇಡಿ. ಕನಿಷ್ಠ 60 ಮಿ.ಮೀ. ಅಂತರವಿಲ್ಲದಿದ್ದರೆ ತಿರುವಿನಲ್ಲಿ ಹಿಂಬದಿ ಹಾವಿನಂತೆ ಹೊರಳುತ್ತದೆ. ಮಾಮೂಲಿ ಬೇರಿಂಗಿನಲ್ಲಿ ಗುಂಡುಗಳ ನಡುವೆ ಪಂಜರವಿರುತ್ತದೆ, ಒಂದೇ ಸಮ ಸುತ್ತುವ ಮೋಟರಿಗೆ ಅದು ಸರಿ. ಸೈಕಲ್ಲಿನ ಕೀಲು ಸುತ್ತುವುದಿಲ್ಲ, ಹದಿನೈದಿಪ್ಪತ್ತು ಡಿಗ್ರಿ ಆಚೀಚೆ ಆಡುತ್ತದೆ. ಅದೇ ಗುಂಡು ಅದೇ ಜಾಗವನ್ನು ಕುಟ್ಟಿ ಕುಟ್ಟಿ ಗುಳಿ ಮಾಡುತ್ತದೆ. ಆದ್ದರಿಂದ ಪಂಜರವಿಲ್ಲದೆ ಗುಂಡು ತುಂಬಿದ "ಮ್ಯಾಕ್ಸ್" ಮಾದರಿ ಕೇಳಿ ತೆಗೆದುಕೊಳ್ಳಿ.

ಇಲ್ಲಿ ಬಹಳ ಜನ ಎಡವುತ್ತಾರೆ, ನಾನೂ ಎಡವಿದ್ದೇನೆ: ಬೇರಿಂಗ್ ಕೂರುವ ತೂತನ್ನು ವೆಲ್ಡಿಂಗಿಗೆ ಮೊದಲೇ ಅಳತೆಗೆ ತಂದುಬಿಡುತ್ತಾರೆ. ವೆಲ್ಡಿಂಗಿನ ಕಾವಿಗೆ ಅದು ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. 27 ಮಿ.ಮೀ.ಗೆ ಬಿಟ್ಟು ವೆಲ್ಡ್ ಮಾಡಿಸಿ, ಫ್ರೇಮ್ ತಣ್ಣಗಾದ ಮೇಲೆ ಎರಡೂ ಬದಿಯನ್ನು ಒಂದೇ ಹಿಡಿತದಲ್ಲಿ ಬೋರಿಂಗ್ ಮಾಡಿಸಿ. ಕೊನೆಯ ಅಳತೆ 27.98ರಿಂದ 27.99, ಬೇರಿಂಗ್ ಪ್ರೆಸ್ಸಿನಲ್ಲಿ ಬಿಗಿಯಾಗಿ ಕೂರಬೇಕು. ಸುತ್ತಿಗೆ ಬೇಡ. ಎರಡನೇ ಸಲ ಅದೇ ಶೆಡ್ಡಿಗೆ ಹೋದಾಗ ಟರ್ನರ್ ಮತ್ತೆ ಕೇಳಿದರು, ಈ ಸಲ ನಗುತ್ತಾ. "ಬಿಬಿ ಸೆಂಟರಿನಿಂದ ಎಪ್ಪತ್ತು ಮೇಲೆ, ಇಪ್ಪತ್ತು ಮುಂದೆ" ಅಂದೆ. ಅವರು ಗ್ರಾಫ್ ಹಾಳೆ ತಿರುಗಿಸಿ ನೋಡಿ, ಯಾವುದಕ್ಕೂ ಇರಲಿ ಎಂದು ಇನ್ನೊಮ್ಮೆ ತಾವೇ ಅಳೆದರು.

ಓಡಿಸಿ ನೋಡುವುದು

ಮೊದಲು ಶಾಕ್ ಇಲ್ಲದೆ ಬರೀ ಬೋಲ್ಟ್ ಹಾಕಿ ಚಕ್ರವನ್ನು ಮೇಲೆ ಕೆಳಗೆ ಆಡಿಸಿ. ತನ್ನ ಭಾರಕ್ಕೇ ನಿಧಾನವಾಗಿ ಇಳಿಯಬೇಕು. ಎಲ್ಲಾದರೂ ಹಿಡಿದರೆ ಬೇರಿಂಗ್ ನೇರವಿಲ್ಲ ಎಂದರ್ಥ. ಎಣ್ಣೆ ಬಿಟ್ಟರೆ ಸರಿಹೋಗದು.

ಶಾಕ್ ಹಾಕಿದ ಮೇಲೆ ಹಿಂದಿರುಗುವ ವೇಗ, ಅಂದರೆ ರಿಬೌಂಡ್ ಹೊಂದಿಸಿ. ಫುಟ್‌ಪಾತ್ ಅಂಚಿನಿಂದ ಕೂತೇ ಇಳಿಯಿರಿ. ಒಂದು ಸಲ ಕುಗ್ಗಿ, ಮೇಲೆದ್ದು, ಸ್ವಲ್ಪ ಮೀರಿ, ನಿಂತರೆ ಸರಿ. ಎರಡು ಮೂರು ಸಲ ತೂಗಾಡಿದರೆ ನಾಬನ್ನು ನಿಧಾನದ ಕಡೆ ಎರಡು ಕ್ಲಿಕ್. ತೀರಾ ನಿಧಾನವಾದರೂ ಕಷ್ಟ: ಸಾಲು ಕಲ್ಲುಗಳಲ್ಲಿ ಒಂದರಿಂದ ಚೇತರಿಸಿಕೊಳ್ಳುವ ಮೊದಲೇ ಇನ್ನೊಂದು ಬರುತ್ತದೆ, ಸಸ್ಪೆನ್ಷನ್ ಕೂತೇ ಹೋಗುತ್ತದೆ.

ತುಳಿತದ ಪರೀಕ್ಷೆಗೆ ಜ್ಞಾನಭಾರತಿ ಕ್ಯಾಂಪಸ್ಸಿನ ಒಳಗಿನ ರಸ್ತೆಯ ಏರುಗಳು ಸಾಕು, ಬೆಳಿಗ್ಗೆ ವಾಹನವೂ ಕಡಿಮೆ. ಶಾಕ್‌ನ ಕಡ್ಡಿಗೆ ಇರುವ ರಬ್ಬರ್ ಉಂಗುರವನ್ನು ಸ್ಯಾಗ್ ಗುರುತಿಗೆ ತಂದು, ಕೂತು ಒಂದೇ ಹದದಲ್ಲಿ ತುಳಿದು ಏರು ಹತ್ತಿ. ಮೇಲೆ ಹೋಗಿ ನೋಡಿ. ಉಂಗುರ ಎರಡು ಮೂರು ಮಿ.ಮೀ. ಸರಿದಿದ್ದರೆ ನಿಮ್ಮ ತೂತು ಸರಿಯಾದ ಜಾಗದಲ್ಲಿದೆ. ಹತ್ತು ಸರಿದಿದ್ದರೆ ಗ್ರಾಫ್ ಹಾಳೆಗೆ ವಾಪಸ್. ನಿಂತು ತುಳಿದಾಗ ಸ್ವಲ್ಪ ಜೀಕುವುದು ಸಹಜ, ಅಲ್ಲಿ ಇಡೀ ದೇಹವೇ ಮೇಲೆ ಕೆಳಗೆ ಆಗುತ್ತಿರುತ್ತದೆ, ಯಾವ ಕೀಲೂ ಅದನ್ನು ತಡೆಯಲಾರದು.

ಮಳೆಗಾಲದಲ್ಲಿ ಕೆಸರು ಮೆತ್ತಿಕೊಂಡ ಸೈಕಲ್ಲನ್ನು ವಾಟರ್ ಸರ್ವಿಸ್‌ಗೆ ಒಯ್ದು ಪಿಚಕಾರಿ ಹೊಡೆಸಬೇಡಿ. ಆ ಒತ್ತಡಕ್ಕೆ ನೀರು ಸೀಲು ದಾಟಿ ಬೇರಿಂಗಿಗೆ ನುಗ್ಗುತ್ತದೆ. ಬಕೆಟ್, ಹಳೇ ಬನಿಯನ್ನು, ಬ್ರಷ್ಷು ಸಾಕು.

ಮೊದಲ ಎರಡು ತಿಂಗಳು ಎತ್ತರದಿಂದ ಹಾರಿಸಬೇಡಿ. ಪ್ರತಿ ಸವಾರಿಯ ನಂತರ ಬೋಲ್ಟುಗಳನ್ನು ಟಾರ್ಕ್ ಸ್ಪ್ಯಾನರಿನಲ್ಲಿ ನೋಡಿ, ವೆಲ್ಡಿಂಗಿನ ಅಂಚುಗಳನ್ನು ಒರೆಸಿ ಬೆಳಕಿಗೆ ಹಿಡಿದು ನೋಡಿ; ಬಿರುಕು ಶುರುವಾಗುವುದು ಅಲ್ಲೇ, ಕೂದಲೆಳೆಯಷ್ಟು. ಗಾಢ ಬಣ್ಣದ ಕೆಳಗೆ ಅದು ಕಾಣುವುದಿಲ್ಲ, ಬಿಳಿ ಪ್ರೈಮರಿನ ಮೇಲೆ ಕಪ್ಪಗೆ ಎದ್ದು ಕಾಣುತ್ತದೆ. ಅದಕ್ಕೇ ನನ್ನ ಸೈಕಲ್ ಇನ್ನೂ ಪ್ರೈಮರಿನಲ್ಲೇ ಇದೆ. "ಪೇಂಟ್ ಯಾವಾಗ ಸಾರ್?" ಎಂದು ದಿನಾ ಕೇಳುತ್ತಿದ್ದ ನಮ್ಮ ಅಪಾರ್ಟ್‌ಮೆಂಟಿನ ವಾಚ್‌ಮನ್ ಈಗ ಕೇಳುವುದನ್ನು ಬಿಟ್ಟಿದ್ದಾನೆ.